ಅಂಟಿನ ಬಲವೆಲ್ಲಿದೆ?

ನಾವು ಶ್ರೀಮಠದ ಪಾಠಶಾಲೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಕಾಲದಲ್ಲಿ, ಮಳೆಗಾಲ ಕಳೆದ ಮೇಲೆ ಗ್ರಂಥಭಂಡಾರದ ಪುಸ್ತಕಗಳನ್ನು ಹೊರತೆಗೆದು, ಗಾಳಿಗಿಟ್ಟು, ಹರಿದವುಗಳಿಗೆ ಹೊಸ ರಟ್ಟು ಕಟ್ಟುವ ಸೇವೆ ವಿದ್ಯಾರ್ಥಿಗಳ ಪಾಲಿಗೆ ಬರುತ್ತಿತ್ತು. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟಾಗದಂತೆ ಕುದಿಸಿ, ಹುಳು ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದರೆ ಅಂಟು ಸಿದ್ಧ. ಕೆಲಸ ಕಲಿಸುತ್ತಿದ್ದ ಹಿರಿಯರು ಶಾಲೆಯ ಮುಖವನ್ನು ಹೆಚ್ಚು ಕಂಡವರಲ್ಲ. ಒಮ್ಮೆ ನಾವು ದೂಳು ಒರೆಸದೆಯೇ ಪುಸ್ತಕದ ಬೆನ್ನಿಗೆ ಅಂಟು ಬಳಿದೆವು. ಮರುದಿನ ಒಣಗಿದ ಬಟ್ಟೆ ಚಕ್ಕೆಯಂತೆ ಎದ್ದು ಬಂದಿತು. ಅಂಟು ತೆಳುವಾಗಿತ್ತೆಂದು ನಾವು ವಾದಿಸಿದೆವು. ಅವರು ನಕ್ಕು, "ತಮ್ಮಾ, ಅಂಟು ತಾನಾಗಿ ಹಿಡಿಯೂದಿಲ್ಲ. ಹಾಳಿ ಹಿಡಿಸಿಕೊಂಡರ ಹಿಡೀತದ. ಮೊದಲ ದೂಳ ಒರಸು" ಎಂದರು.

ಆ ಮಾತಿನ ಸತ್ಯವನ್ನು ಜಗತ್ತಿನ ದೊಡ್ಡ ದೊಡ್ಡ ಕಾರ್ಖಾನೆಗಳು ಎಷ್ಟು ಬೆಲೆ ತೆತ್ತು ಅರಿತುಕೊಂಡವೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಇಂದು ವಿಮಾನದ ರೆಕ್ಕೆಯಿಂದ ಹಿಡಿದು ಹಲ್ಲಿನ ಕುಳಿಯವರೆಗೆ, ಜೇಬಿನ ಮೊಬೈಲಿನಿಂದ ಅಡುಗೆಮನೆಯ ಕಪಾಟಿನವರೆಗೆ ಅಂಟಿನ ಆಶ್ರಯವಿಲ್ಲದ ವಸ್ತುಗಳು ವಿರಳ. ಆದ್ದರಿಂದ ಈ ವಿಷಯವನ್ನು ವಾಚಕರೊಡನೆ ಹಂಚಿಕೊಳ್ಳುವುದು ಉಚಿತವೆಂದು ಭಾವಿಸಿದ್ದೇವೆ.

ಅಂಟು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಜಾಲಿಯ ಗೋಂದು, ಅಕ್ಕಸಾಲಿಗನ ಅರಗು, ಬಡಗಿಯ ಸರೇಸು ಇವೆಲ್ಲ ತಲೆಮಾರುಗಳಿಂದ ಬಳಕೆಯಲ್ಲಿದ್ದವು. ಸರೇಸನ್ನು ಪ್ರಾಣಿಗಳ ಚರ್ಮ, ಎಲುಬುಗಳನ್ನು ಕುದಿಸಿ ತಯಾರಿಸುತ್ತಿದ್ದುದರಿಂದ ನಮ್ಮ ಅನೇಕ ಮನೆತನಗಳ ಹಿರಿಯರಿಗೆ ಅದರ ವಾಸನೆಯೇ ಸಲ್ಲುತ್ತಿರಲಿಲ್ಲ. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್ ಎಂಬ ಬಿಳಿಯ ಅಂಟು, ಕುದಿಸುವ ಕಷ್ಟವನ್ನೂ ಆ ವಾಸನೆಯನ್ನೂ ಒಟ್ಟಿಗೇ ತಪ್ಪಿಸಿತು. ಅದರ ಡಬ್ಬಿಯ ಮೇಲೆ ಎರಡು ಆನೆಗಳು ಎಳೆದಾಡುವ ಚಿತ್ರವನ್ನು ಕಾಣದ ಮಕ್ಕಳಿಲ್ಲ. ಅಂಟು ಎಂದರೆ ಬಲ ಎಂದು ಆ ಚಿತ್ರ ಹೇಳುತ್ತದೆ. ಸುಳ್ಳಲ್ಲ, ಆದರೆ ಅದು ಅರ್ಧ ಮಾತು.

ಎರಡು ವಸ್ತುಗಳನ್ನು ಒತ್ತಿ ಹಿಡಿದ ಮಾತ್ರಕ್ಕೆ ಅವು ಏಕೆ ಅಂಟುವುದಿಲ್ಲ? ಕಣ್ಣಿಗೆ ನುಣುಪಾಗಿ ಕಾಣುವ ಹಲಗೆಯಾಗಲಿ ಲೋಹವಾಗಲಿ ಸೂಕ್ಷ್ಮದರ್ಶಕದಲ್ಲಿ ಬೆಟ್ಟ ಕಣಿವೆಗಳ ನಾಡಿನಂತೆ ತೋರುತ್ತದೆ. ಒಂದರ ಮೇಲೊಂದಿಟ್ಟಾಗ ಶಿಖರಗಳಷ್ಟೇ ತಾಗುತ್ತವೆ. ಅಣುಗಳು ಒಂದನ್ನೊಂದು ಸೆಳೆಯುವ ಶಕ್ತಿಯಾದರೋ, ಅವುಗಳ ನಡುವಣ ಅಂತರ ಒಂದು ಮೀಟರಿನ ನೂರು ಕೋಟಿಯ ಒಂದು ಪಾಲಿನ ಆಸುಪಾಸಿಗೆ ಇಳಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ದ್ರವರೂಪದ ಅಂಟು ಆ ಕಣಿವೆಗಳಿಗೆಲ್ಲ ಇಳಿದು, ತುಂಬಿ, ಎರಡು ಕಡೆಯ ಅಣುಗಳಿಗೂ ಹತ್ತಿರವಾಗಿ, ಅನಂತರ ಗಟ್ಟಿಯಾಗುತ್ತದೆ. ನೀರು ಆರಿ ಗಟ್ಟಿಯಾಗುವುದು ಮೈದಾ ಅಂಟಿನ ಕ್ರಮ. ತಣಿದು ಗಟ್ಟಿಯಾಗುವುದು ಅರಗಿನ ಕ್ರಮ. ಎರಡು ನಳಿಕೆಗಳ ದ್ರವ್ಯ ಬೆರೆತು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದು ಎಪಾಕ್ಸಿಯ ಕ್ರಮ. ಬೇಗ ಗಟ್ಟಿಯಾಗಲಿ ಎಂದು ಎರಡನೆಯ ನಳಿಕೆಯಿಂದ ಹೆಚ್ಚು ಹಿಂಡುವವರುಂಟು. ಜೊತೆ ಸಿಗದೆ ಉಳಿದ ಆ ದ್ರವ್ಯ ಬೆಸುಗೆಯನ್ನು ದುರ್ಬಲಗೊಳಿಸುತ್ತದೆಯೇ ಹೊರತು ಗಟ್ಟಿ ಮಾಡುವುದಿಲ್ಲ.

ಎಲ್ಲಕ್ಕೂ ಮೊದಲು ಅಂಟು ಮೇಲ್ಮೈಯನ್ನು ತೋಯಿಸಬೇಕು. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದೆ, ಎಲೆಯನ್ನು ತೋಯಿಸುವುದಿಲ್ಲ. ಎಣ್ಣೆಯ ಪಸೆ ಉಳಿದ ಲೋಹದ ಮೇಲೆ ಅಂಟಿನ ಗತಿಯೂ ಅದೇ. ವಿಮಾನದ ಭಾಗಗಳನ್ನು ಅಂಟಿಸುವವರು ತೊಳೆದ ತಗಡಿನ ಮೇಲೆ ಶುದ್ಧ ನೀರು ಹರಿಸಿ ನೋಡುತ್ತಾರೆ. ನೀರು ಒಡೆಯದ ತೆಳುಪದರವಾಗಿ ನಿಂತರೆ ಸರಿ. ಹನಿಹನಿಯಾಗಿ ಒಡೆದರೆ ಪಸೆ ಉಳಿದಿದೆಯೆಂದು ಮತ್ತೆ ತೊಳೆಯುತ್ತಾರೆ. ಪಾತ್ರೆ ತೊಳೆದ ತಾಯಂದಿರು ಬೆರಳಾಡಿಸಿ ನೋಡುವ ಜಿಡ್ಡಿನ ಪರೀಕ್ಷೆಯ ಹತ್ತಿರದ ಬಂಧು ಇದು.

ವಿಮಾನಕ್ಕೂ ಅಂಟಿಗೂ ಇರುವ ನಂಟು ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಮಾಸ್ಕಿಟೋ ಎಂಬ ಯುದ್ಧವಿಮಾನವನ್ನು ಮರದ ಪದರುಗಳನ್ನು ಅಂಟಿಸಿಯೇ ಕಟ್ಟಿದ್ದರು. ಮೊದಮೊದಲು ಬಳಸಿದ ಅಂಟು ಹಾಲಿನ ಕೇಸೀನ್‌ನಿಂದ ಆದದ್ದು. 1944ರ ಕೊನೆಯಲ್ಲಿ ಭಾರತದ ಕಡೆಯ ರಣರಂಗದಲ್ಲಿದ್ದ ಕೆಲವು ಮಾಸ್ಕಿಟೋಗಳು ಅಪಘಾತಕ್ಕೀಡಾದಾಗ, ನಮ್ಮ ಸೆಕೆ ಮತ್ತು ಮಳೆಗಾಲದ ತೇವದಿಂದ ಹಾಲಿನ ಅಂಟು ಬಿಟ್ಟಿತೆಂಬ ಅಪವಾದ ಹುಟ್ಟಿತು. ಇಂಗ್ಲೆಂಡಿನಿಂದ ಬಂದ ಪರಿಶೀಲಕರು ಅಂಟಿನದಲ್ಲ, ಹವೆಗೆ ಮರ ಕುಗ್ಗಿದ ದೋಷವೆಂದರು. ಮುಂದಿನ ವಿಚಾರಣೆಗಳು, ಕಾರ್ಖಾನೆಯಲ್ಲಿ ಜೋಡಣೆಯೇ ಸರಿಯಾಗಿರಲಿಲ್ಲವೆಂದು ಹೇಳಿದವು. ಅದೇ ಯುದ್ಧಕಾಲದಲ್ಲಿ, 1941ರಲ್ಲಿ, ಕೇಂಬ್ರಿಜ್ ಸಮೀಪದ ಡಕ್ಸ್‌ಫರ್ಡ್ ಎಂಬಲ್ಲಿ ನಾರ್ಮನ್ ಡಿ ಬ್ರೂಯ್ನ್ ಎಂಬ ವಿಜ್ಞಾನಿಯ ಸಂಸ್ಥೆಯವರು ಲೋಹಕ್ಕೆ ಲೋಹವನ್ನು ಬೆಸೆಯಬಲ್ಲ ರಿಡಕ್ಸ್ ಎಂಬ ಅಂಟನ್ನು ಸಿದ್ಧಪಡಿಸಿದರು. ರಿವೆಟ್ ಹೊಡೆಯಲು ತೂತು ಕೊರೆಯಬೇಕು. ತೂತಿನ ಅಂಚಿನಲ್ಲಿಯೇ ಬಿರುಕು ಹುಟ್ಟುವುದು. ಅಂಟಾದರೆ ಭಾರವನ್ನು ಇಡೀ ಮೇಲ್ಮೈಗೆ ಹಂಚುತ್ತದೆ. ಅಂಟಿನ ಕಡೆಗೆ ವಿಮಾನ ತಯಾರಕರು ಒಲಿದದ್ದಕ್ಕೆ ಇದೇ ಮುಖ್ಯ ಕಾರಣ.

ಇಲ್ಲಿ ಒಂದು ದುರಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 1988ನೆಯ ಇಸವಿ ಏಪ್ರಿಲ್ 28ರಂದು ಅಮೆರಿಕೆಯ ಹವಾಯಿ ದ್ವೀಪಗಳಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನವೊಂದು ಹಿಲೋ ಎಂಬ ಊರಿನಿಂದ ಹೊನೊಲುಲುವಿಗೆ ಹೊರಟಿತು. ಒಳಗೆ 95 ಜನ. 24,000 ಅಡಿ ಎತ್ತರಕ್ಕೆ ತಲುಪಿದಾಗ ಭಾರೀ ಶಬ್ದದೊಡನೆ ಮುಂಭಾಗದ ಚಾವಣಿ ಸುಮಾರು 18 ಅಡಿ ಉದ್ದಕ್ಕೆ ಹರಿದು ಹಾರಿಹೋಯಿತು. ಪ್ರಯಾಣಿಕರು ತೆರೆದ ಆಕಾಶದ ಕೆಳಗೆ, ಬಿರುಗಾಳಿಯ ಹೊಡೆತದಲ್ಲಿ, ಬೆಲ್ಟಿನ ಆಧಾರದಿಂದ ಮಾತ್ರ ಕುಳಿತಿದ್ದರು. ಓಡಾಡುತ್ತ ಸೇವೆ ಮಾಡುತ್ತಿದ್ದ ಪರಿಚಾರಿಕೆಯೊಬ್ಬರು ಗಾಳಿಯ ಸೆಳೆತಕ್ಕೆ ಸಿಕ್ಕಿ ಹೊರಗೆ ಹೋದರು; ಅವರ ದೇಹ ದೊರೆಯಲೇ ಇಲ್ಲ. ಚಾಲಕರ ಅಸಾಧಾರಣ ಸ್ಥೈರ್ಯದಿಂದ ವಿಮಾನ ಮಾವಿ ದ್ವೀಪದಲ್ಲಿ ಇಳಿದು ಉಳಿದ 94 ಜೀವಗಳು ಉಳಿದವು.

ವಿಚಾರಣೆಯಲ್ಲಿ ಹೊರಬಿದ್ದ ವಿವರಗಳು ವಿಚಾರಕ್ಕೆ ಹಚ್ಚುವಂಥವು. 1969ರಲ್ಲಿ ನಿರ್ಮಿತವಾದ ಆ ವಿಮಾನ ದ್ವೀಪದಿಂದ ದ್ವೀಪಕ್ಕೆ ಕಿರುಯಾನ ಮಾಡುತ್ತ 89,680 ಸಲ ಹಾರಿ ಇಳಿದಿತ್ತು. ಪ್ರತಿ ಸಲವೂ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಒಡಲು ಕಮ್ಮಾರನ ತಿದಿಯಂತೆ ಉಬ್ಬಿ ಇಳಿದಿತ್ತು. ಒಡಲಿನ ತಗಡುಗಳ ಅಂಚುಗಳನ್ನು ಒಂದರ ಮೇಲೊಂದಿಟ್ಟು ನಡುವೆ ಎಪಾಕ್ಸಿ ತೋಯಿಸಿದ ತೆಳು ಬಟ್ಟೆಯಿಂದ ಅಂಟಿಸಿ, ಮೇಲೆ ರಿವೆಟ್ ಹೊಡೆದಿದ್ದರು. ಈ ಅಂಟನ್ನು ಬಿಸಿಮಾಡದೆ ಕೋಣೆಯ ಉಷ್ಣತೆಯಲ್ಲಿಯೇ ಗಟ್ಟಿಯಾಗಿಸುವ ಪದ್ಧತಿ ಅಂದಿನದು. ಅಂಟು ಬಟ್ಟೆಯನ್ನು ಬಳಸುವವರೆಗೆ ಅತಿ ಶೀತದಲ್ಲಿ ಇರಿಸುತ್ತಿದ್ದರು. ಹೊರತೆಗೆದೊಡನೆ, ತಣ್ಣೀರಿನ ತಂಬಿಗೆಯ ಮೈಮೇಲೆ ಹನಿ ಕಟ್ಟುವಂತೆ, ಅದರ ಮೇಲೆ ತೇವ ಕೂರುವ ಸಂಭವವಿತ್ತು. ತಗಡಿನ ಮೇಲ್ಮೈಯನ್ನು ಸಿದ್ಧಪಡಿಸುವ ಕ್ರಮವೂ ಎಲ್ಲ ಕಡೆ ಒಂದೇ ಸಮನಾಗಿ ನಡೆಯುತ್ತಿರಲಿಲ್ಲ. ಹೀಗೆ ಅಲ್ಲಲ್ಲಿ ಅಂಟು ಹಿಡಿಯದೆ ಉಳಿದ ಎಡೆಗಳಲ್ಲಿ ನೀರಿನ ಪಸೆ ಸೇರಿತು, ತಗಡು ಸವೆಯಿತು, ಅಂಟು ಇನ್ನಷ್ಟು ಬಿಟ್ಟಿತು. ಅಂಟು ಹೊರಬೇಕಾದ ಭಾರವೆಲ್ಲ ರಿವೆಟ್ ತೂತುಗಳ ಮೇಲೆ ಬಿದ್ದು, ಕಣ್ಣಿಗೆ ಕಾಣದ ಕಿರುಬಿರುಕುಗಳು ಹುಟ್ಟಿ, ಒಂದು ದಿನ ಒಂದಕ್ಕೊಂದು ಕೂಡಿಕೊಂಡವು. ತಯಾರಕರು ಈ ಪದ್ಧತಿಯನ್ನು 1972ರಲ್ಲಿಯೇ ಕೈಬಿಟ್ಟಿದ್ದರು. ಆದರೆ ಅದಕ್ಕೂ ಮೊದಲು ಕಟ್ಟಿದ ವಿಮಾನಗಳು ಹಾರುತ್ತಲೇ ಇದ್ದವು. ಅಂಟು ಬಿಟ್ಟದ್ದನ್ನೂ ಬಿರುಕನ್ನೂ ತಪಾಸಣೆಯಲ್ಲಿ ಪತ್ತೆಹಚ್ಚದೆ ಹೋದದ್ದೇ ಮುಖ್ಯ ಲೋಪವೆಂದು ವಿಚಾರಣಾ ಮಂಡಳಿ ತೀರ್ಮಾನಿಸಿತು. ವಿಮಾನ ಏರುವಾಗ ಬಾಗಿಲಿನ ಹಿಂದೆ ಬಿರುಕೊಂದನ್ನು ಕಂಡ ಪ್ರಯಾಣಿಕ ಮಹಿಳೆಯೊಬ್ಬರು ಇದ್ದರಂತೆ. ಅವರು ಯಾರಿಗೂ ಹೇಳಲಿಲ್ಲ. ಅವರ ಸ್ಥಾನದಲ್ಲಿ ನಾವಿದ್ದರೂ ಹೇಳುತ್ತಿದ್ದೆವೋ ಇಲ್ಲವೋ! ವಿಮಾನದವರಿಗೆ ತಿಳಿಯದ್ದು ನಮಗೇನು ತಿಳಿದೀತು ಎಂದುಕೊಂಡು ಒಳಗೆ ಹೋಗಿ ಕುಳಿತುಬಿಡುತ್ತಿದ್ದೆವು.

ಇಂದು ಅಂಟಿಸಬೇಕಾದ ಅಲ್ಯೂಮಿನಿಯಂ ತಗಡನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ, ಅದರ ಮೈಮೇಲೆ ಸೂಕ್ಷ್ಮ ರಂಧ್ರಗಳ ಪದರವೊಂದನ್ನು ಬೆಳೆಸಿ, ಅನಂತರ ಬಿಸಿ ಮತ್ತು ಒತ್ತಡದಲ್ಲಿ ಅಂಟಿಸುತ್ತಾರೆ. ಆದರೂ ಒಂದು ಕೊರತೆ ಹಾಗೆಯೇ ಉಳಿದಿದೆ. ಅಂಟು ಹರಡದೆ ಉಳಿದ ಖಾಲಿ ಜಾಗವನ್ನು ಶಬ್ದಾತೀತ ತರಂಗಗಳಿಂದ ಕಂಡುಹಿಡಿಯಬಹುದು; ಆದರೆ ಮುಟ್ಟಿಕೊಂಡಿದ್ದೂ ಗಟ್ಟಿಯಾಗಿ ಹಿಡಿಯದ ಬೆಸುಗೆಯ ಬಲವನ್ನು, ಅದನ್ನು ಮುರಿಯದೆಯೇ ಅಳೆದು ಹೇಳುವ ನಂಬಲರ್ಹ ಉಪಾಯ ಇನ್ನೂ ಕೈಗೆ ಬಂದಿಲ್ಲ. ಆದ್ದರಿಂದಲೇ ಮಾಡುವಾಗಿನ ಪ್ರತಿಯೊಂದು ಹಂತವನ್ನೂ ಕಾಯಬೇಕಾಗುತ್ತದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ನಮ್ಮ ತೇಜಸ್ ಯುದ್ಧವಿಮಾನದ ಒಡಲ ತೂಕದಲ್ಲಿ ಸುಮಾರು ನೂರಕ್ಕೆ 45 ಭಾಗ ಇಂಗಾಲದ ನೂಲು ಮತ್ತು ರಾಳ ಸೇರಿದ ಸಂಯುಕ್ತ ವಸ್ತುವೇ ಆಗಿದೆ. ನೂಲುಗಳನ್ನು ಒಂದಾಗಿ ಹಿಡಿದಿಡುವ ಆ ರಾಳವೂ ಅಂಟಿನ ಕುಲದ್ದೇ.

ಅಂಟು ಸೋಲುವ ಇನ್ನೊಂದು ಬಗೆಯುಂಟು. ಅಡುಗೆಮನೆಯ ಗೋಡೆಗೆ ಅಂಟಿಸಿದ ಕೊಕ್ಕೆಗೆ ಬೆಳಗ್ಗೆ ತೂಗುಹಾಕಿದ ಚೀಲ ಹಗಲೆಲ್ಲ ನಿಂತು ನಡುರಾತ್ರಿ ದೊಪ್ಪನೆ ಬೀಳುವುದನ್ನು ಅನೇಕರು ಕಂಡಿರಬಹುದು. ಚೀಲದ ಭಾರ ಹೆಚ್ಚಲಿಲ್ಲ. ಅಂಟು ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಜಾರುತ್ತಿತ್ತು. 2006ರ ಜುಲೈ 10ರಂದು ಅಮೆರಿಕೆಯ ಬಾಸ್ಟನ್ ನಗರದ ಹೊಸ ಸುರಂಗ ರಸ್ತೆಯಲ್ಲಿ ಹೀಗೆಯೇ ಆಯಿತು. ಭಾರವಾದ ಕಾಂಕ್ರೀಟ್ ಹಲಗೆಗಳನ್ನು ಚಾವಣಿಗೆ ತೂಗುಹಾಕಲು, ಮೇಲ್ಮುಖವಾಗಿ ಕೊರೆದ ತೂತುಗಳಲ್ಲಿ ಎಪಾಕ್ಸಿಯಿಂದ ಬೋಲ್ಟುಗಳನ್ನು ನೆಟ್ಟಿದ್ದರು. ಸುಮಾರು 26 ಟನ್ ತೂಕದ ಕಾಂಕ್ರೀಟು ಮತ್ತು ಕಬ್ಬಿಣ ಸಾಗುತ್ತಿದ್ದ ಕಾರಿನ ಮೇಲೆ ಬಿದ್ದು, ಗಂಡನೊಡನೆ ಹೋಗುತ್ತಿದ್ದ ಮಹಿಳೆಯೊಬ್ಬರು ಮೃತರಾದರು. ಬೇಗ ಗಟ್ಟಿಯಾಗುವ ಜಾತಿಯ ಎಪಾಕ್ಸಿಯನ್ನು ಅಲ್ಲಿ ಬಳಸಲಾಗಿತ್ತೆಂದೂ, ಅಲ್ಪಕಾಲದ ಭಾರವನ್ನು ತಡೆಯಬಲ್ಲ ಅದು ವರ್ಷಗಟ್ಟಲೆ ನಿಲ್ಲುವ ಭಾರಕ್ಕೆ ಜಾರುತ್ತ ಹೋಗುತ್ತದೆಂದೂ ವಿಚಾರಣೆಯಲ್ಲಿ ಸಿದ್ಧವಾಯಿತು. 1999ರಲ್ಲಿ, ಕಾಮಗಾರಿಯ ಕಾಲದಲ್ಲಿಯೇ, ಕೆಲವು ಬೋಲ್ಟುಗಳು ಕೆಳಕ್ಕೆ ಸರಿದದ್ದನ್ನು ಕಂಡಿದ್ದರು. ಕಂಡೂ ಅದರ ಅರ್ಥವನ್ನು ಪೂರ್ಣವಾಗಿ ಹುಡುಕಲಿಲ್ಲ.

ಭಯ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಮೇಲ್ಮೈಯನ್ನು ಸಿದ್ಧಪಡಿಸುವ ಇದೇ ವಿದ್ಯೆ ನಮ್ಮ ಬಾಯೊಳಗೆ ಎಂಥ ಉಪಕಾರ ಮಾಡಿದೆಯೆಂಬುದನ್ನೂ ನೋಡಬೇಕು. ಹಿಂದೆ ಹಲ್ಲಿನ ಕುಳಿ ತುಂಬಬೇಕಾದರೆ, ತುಂಬಿದ ಲೋಹ ಉದುರದಂತೆ ಸಿಕ್ಕಿಕೊಳ್ಳಲೆಂದು ಕೊಳೆಯದ ಒಳ್ಳೆಯ ಹಲ್ಲನ್ನೂ ಕೊರೆದು ಕುಳಿಯನ್ನು ಹಿಗ್ಗಿಸುತ್ತಿದ್ದರು. 1955ರಲ್ಲಿ ಮೈಕೆಲ್ ಬುವೊನೊಕೋರ್ ಎಂಬ ಅಮೆರಿಕೆಯ ದಂತವಿಜ್ಞಾನಿ ಹೊಸ ಉಪಾಯವೊಂದನ್ನು ಪ್ರಕಟಿಸಿದರು. ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಲೋಹಕ್ಕೆ ಫಾಸ್ಫಾರಿಕ್ ಆಮ್ಲ ಸವರುವುದನ್ನು ಅರಿತಿದ್ದ ಅವರು, ಅದನ್ನೇ ಅರ್ಧ ನಿಮಿಷ ಹಲ್ಲಿನ ಮೇಲ್ಪದರಕ್ಕೆ ಸವರಿ ತೊಳೆದರು. ಪದರದಲ್ಲಿ ಸೂಕ್ಷ್ಮ ರಂಧ್ರಗಳು ತೆರೆದವು. ಅವುಗಳೊಳಕ್ಕೆ ಇಳಿದ ರಾಳ ಬೇರು ಬಿಟ್ಟಂತೆ ನಿಂತಿತು. ದಂತವೈದ್ಯರು ಈಗ ಹಲ್ಲಿಗೆ ನೀಲಿಯ ಜೆಲ್ಲಿಯಂಥದನ್ನು ಹಚ್ಚಿ, ತೊಳೆದು, ಒಣಗಿಸಿ, ಬೆಳಕು ಬಿಟ್ಟು ಗಟ್ಟಿ ಮಾಡುವುದು ಈ ಪರಂಪರೆಯದೇ. ಹಲ್ಲನ್ನು ಒಣಗಿಸುವಾಗ ಬಾಯಿ ಮುಚ್ಚಬೇಡಿರೆಂದು ಅವರು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ: ಎಂಜಲು ತಾಗಿದರೆ ತೆರೆದ ರಂಧ್ರಗಳು ಮುಚ್ಚಿ ಇಡೀ ಶ್ರಮ ವ್ಯರ್ಥವಾಗುತ್ತದೆ.

ಗಾಯ ಮುಚ್ಚುವ ಅಂಟಿನ ಕಥೆ ಇದಕ್ಕೆ ವಿಪರೀತ. ಸಯನೋಅಕ್ರಿಲೇಟ್ ಎಂಬ ದ್ರವ್ಯವನ್ನು 1942ರಲ್ಲಿ ಕೊಡಾಕ್ ಸಂಸ್ಥೆಯ ಹ್ಯಾರಿ ಕೂವರ್ ತಂಡದವರು ಬಂದೂಕಿನ ಗುರಿಗಾಜಿಗಾಗಿ ಪರೀಕ್ಷಿಸುತ್ತ, ಎಲ್ಲಕ್ಕೂ ಅಂಟುತ್ತದೆಂದು ಬೇಸತ್ತು ಬದಿಗಿಟ್ಟರು. ಅದೇ ಅದರ ಗುಣವೆಂದು ಹೊಳೆದದ್ದು 1951ರಲ್ಲಿ. ಮಾರಾಟಕ್ಕೆ ಬಂದದ್ದು 1958ರಲ್ಲಿ. ಗಾಳಿಯ, ಚರ್ಮದ ಅತ್ಯಲ್ಪ ತೇವವೇ ಅದನ್ನು ಕ್ಷಣದಲ್ಲಿ ಗಟ್ಟಿಯಾಗಿಸುತ್ತದೆ. ಇದರ ಸೌಮ್ಯ ರೂಪವೊಂದಕ್ಕೆ ಚರ್ಮದ ಗಾಯಗಳನ್ನು ಮುಚ್ಚಲು ಅಮೆರಿಕೆಯ ಔಷಧ ನಿಯಂತ್ರಕರು 1998ರಲ್ಲಿ ಅನುಮತಿ ನೀಡಿದರು. ಹೊಲಿಗೆಯ ಸೂಜಿಯಿಲ್ಲದೆ ಮಕ್ಕಳ ಹಣೆಯ ಗಾಯ ಕೂಡುವುದು ಇದರಿಂದ ಸಾಧ್ಯವಾಯಿತು. ಆದರೆ ಅಂಗಡಿಯ ಸಣ್ಣ ನಳಿಕೆಯ ಅಂಟನ್ನು ಗಾಯಕ್ಕೆ ಹಚ್ಚಲಾಗದು. ಅದು ಚರ್ಮವನ್ನು ಕೆರಳಿಸುತ್ತದೆ. ಹತ್ತಿಬಟ್ಟೆಯ ಮೇಲೆ ಹೆಚ್ಚಾಗಿ ಚೆಲ್ಲಿದರೆ ಸುಡುವಷ್ಟು ಬಿಸಿಯೂ ಹುಟ್ಟುತ್ತದೆ. ಬೆರಳು ಬೆರಳಿಗೆ ಅಂಟಿದರೆ ಜಗ್ಗದೆ, ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಯಿಸಿ ಮೆಲ್ಲಗೆ ಬಿಡಿಸಬೇಕು. ಕಣ್ಣಿಗೆ ತಾಗಿದರೆ ರೆಪ್ಪೆಯನ್ನು ಬಲವಂತದಿಂದ ತೆರೆಯದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ತೇವದ ಮಾತು ಬಂದುದರಿಂದ ಕಡಲ ಚಿಪ್ಪುಜೀವಿಯನ್ನು ನೆನೆಯಬೇಕು. ಮನುಷ್ಯನ ಹೆಚ್ಚಿನ ಅಂಟುಗಳಿಗೆ ನೀರೇ ಶತ್ರು. ಮಸಲ್ ಎಂಬ ಕಪ್ಪೆಚಿಪ್ಪಿನ ಜಾತಿಯ ಜೀವಿಯಾದರೋ ಉಪ್ಪುನೀರಿನ ಅಲೆಗಳ ನಡುವೆಯೇ ಎಳೆಗಳನ್ನು ನೂತು ಬಂಡೆಗೆ ಅಂಟಿ ಕುಳಿತಿರುತ್ತದೆ. ಅದರ ಅಂಟಿನಲ್ಲಿ ಡೋಪಾ ಎಂಬ ಘಟಕ ಹೇರಳವಾಗಿರುವುದನ್ನು 1981ರಲ್ಲಿ ಹರ್ಬರ್ಟ್ ವೇಟ್ ಎಂಬ ವಿಜ್ಞಾನಿ ತೋರಿಸಿದರು. ಇದರಿಂದ ಸ್ಫೂರ್ತಿಗೊಂಡು ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೈಚಾಂಗ್ ಲಿ ಅವರು ಸೋಯಾ ಹಿಟ್ಟಿನ ಪ್ರೋಟೀನನ್ನು ಮಾರ್ಪಡಿಸಿ ಪ್ಲೈವುಡ್ ಅಂಟು ಮಾಡಿದರು. 2005ರ ಹೊತ್ತಿಗೆ ಅದು ಕಾರ್ಖಾನೆಗೂ ಬಂದಿತು. ನಮ್ಮ ಬೀದರ, ಬೆಳಗಾವಿ ಸೀಮೆಯ ರೈತರು ಬೆಳೆಯುವ ಅದೇ ಸೋಯಾ. ಇದರ ಮಹತ್ವ ಗೃಹಿಣಿಯರಿಗೆ ಬೇಗ ತಿಳಿಯುತ್ತದೆ. ಹೊಸ ಕಪಾಟಿನ ಬಾಗಿಲು ತೆರೆದಾಗ ಕಣ್ಣುರಿಯುವ ಘಾಟು ಬರುವುದು ಅನೇಕ ವೇಳೆ ಅಗ್ಗದ ಪ್ಲೈವುಡ್ಡಿನ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲದಿಂದ. ಇದು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಘೋಷಿಸಿತು. ಹೊಸ ಪೀಠೋಪಕರಣ ತಂದ ಮನೆಯಲ್ಲಿ ಕೆಲವು ವಾರ ಕಿಟಕಿಗಳನ್ನು ತೆರೆದಿಡುವುದು, ಕೂಸುಗಳನ್ನು ಆ ಕೋಣೆಯಲ್ಲಿ ಮಲಗಿಸದಿರುವುದು ಕ್ಷೇಮ. ಕೊಳ್ಳುವಾಗ ಕಡಿಮೆ ಫಾರ್ಮಾಲ್ಡಿಹೈಡ್ ಹೊರಸೂಸುವ ಹಲಗೆಯನ್ನೇ ಕೇಳಿ ಕೊಳ್ಳಬೇಕು. ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ.

ಇಷ್ಟು ಹೊತ್ತು ಹಿಡಿಯುವುದರ ಮಾತಾಯಿತು. ಬಿಡುವುದೂ ಅಂಟಿಗೆ ಒಂದು ಗುಣವೆಂದು ನಾವು ಕಲಿತದ್ದು ನಮ್ಮ ತಪ್ಪಿನಿಂದ. ಸುಮಾರು ಮೂವತ್ತು ವರ್ಷಗಳ ಹಿಂದೆ, ಗ್ರಂಥಭಂಡಾರದ ಹೊಣೆ ನಮ್ಮ ಮೇಲಿದ್ದಾಗ, ಹಳೆಯ ಕಲ್ಲಚ್ಚಿನ ಪುರಾಣಗ್ರಂಥವೊಂದರ ಹರಿದ ಹಾಳೆಗಳಿಗೆ ಪೇಟೆಯಿಂದ ತಂದ ಪಾರದರ್ಶಕ ಟೇಪನ್ನು ಹಚ್ಚಿದೆವು. ಮೈದಾ ಕುದಿಸುವ ಕಾಲ ಮುಗಿಯಿತೆಂಬ ಹೆಮ್ಮೆ ಬೇರೆ! ಹತ್ತು ಹನ್ನೆರಡು ವರ್ಷಗಳಲ್ಲಿ ಟೇಪು ಒಣಗಿ ಕಳಚಿತು. ಅದರ ಅಂಟು ಮಾತ್ರ ಕಾಗದದೊಳಗೆ ಇಂಗಿ ಕಂದು ಬಣ್ಣದ ಜಿಡ್ಡಿನ ಪಟ್ಟಿಯಾಗಿ ನಿಂತಿತು. ಹಾಳೆಯ ಹಿಂಬದಿಯ ಅಕ್ಷರಗಳು ಮುಂದಕ್ಕೆ ತೋರಿ ಎರಡೂ ಓದಲು ಬಾರದಾದವು. ಮುಂದೆ ಓದಿದಾಗ, 1950ರ ದಶಕದಲ್ಲಿ ಜೆರೂಸಲೇಮಿನಲ್ಲಿ ಎರಡು ಸಾವಿರ ವರ್ಷ ಹಳೆಯ ಮೃತ ಸಮುದ್ರದ ಸುರುಳಿಗಳ ಚೂರುಗಳನ್ನು ವಿದ್ವಾಂಸರೇ ಇಂಥ ಟೇಪಿನಿಂದ ಜೋಡಿಸಿದ್ದರೆಂದೂ, ಅದನ್ನು ಬಿಡಿಸುವ ಕೆಲಸ ದಶಕಗಳಿಂದ ನಡೆದಿದೆಯೆಂದೂ ತಿಳಿಯಿತು. ಸಮಾಧಾನವೇನೂ ಆಗಲಿಲ್ಲ.

ಅಕ್ಕಸಾಲಿಗ ಒಡವೆಯನ್ನು ಅರಗಿನ ಮೇಲೆ ನಿಲ್ಲಿಸಿ ಕೆತ್ತಿ, ಕೆಲಸ ಮುಗಿದೊಡನೆ ಬಿಸಿ ತೋರಿಸಿ ಬಿಡಿಸಿಕೊಳ್ಳುತ್ತಾನೆ. ಇದೇ ಯುಕ್ತಿಯನ್ನು ಈಗ ಕಾರ್ಖಾನೆಗಳು ಹುಡುಕುತ್ತಿವೆ. ಮೊಬೈಲಿನ ಬ್ಯಾಟರಿಯನ್ನು ಬಲವಾಗಿ ಅಂಟಿಸಿದ್ದರಿಂದ ಅದನ್ನು ಕೀಳಲು ಹೋಗಿ ಬೆಂಕಿ ಹೊತ್ತುವ ಭಯ, ಬಿಟ್ಟರೆ ಇಡೀ ಯಂತ್ರ ಕಸಕ್ಕೆ. 2024ರಲ್ಲಿ ಬಂದ ಐಫೋನ್ 16ರಲ್ಲಿ ಒಂಬತ್ತು ವೋಲ್ಟಿನ ಸಾಮಾನ್ಯ ಬ್ಯಾಟರಿಯ ವಿದ್ಯುತ್ತನ್ನು ತುಸು ಹೊತ್ತು ಹರಿಸಿದರೆ ತಾನೇ ಬಿಡುವ ಅಂಟನ್ನು ಬಳಸಿದ್ದಾರೆ. ಯುರೋಪಿನ ರಾಷ್ಟ್ರಗಳ ಒಕ್ಕೂಟ 2023ರಲ್ಲಿ ಮಾಡಿದ ಶಾಸನದಂತೆ, 2027ರ ಫೆಬ್ರುವರಿ 18ರಿಂದ ಉಪಕರಣಗಳೊಳಗಿನ ಸಣ್ಣ ಬ್ಯಾಟರಿಗಳನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು.

ಗ್ರಂಥರಕ್ಷಣೆಯ ತಜ್ಞರೊಬ್ಬರು ನಮ್ಮ ಭಂಡಾರಕ್ಕೆ ಬಂದಾಗ ಆ ಪುರಾಣಗ್ರಂಥವನ್ನು ಸಂಕೋಚದಿಂದಲೇ ಅವರ ಮುಂದಿಟ್ಟೆವು. ಕಲೆಯನ್ನು ಪೂರ್ತಿಯಾಗಿ ತೆಗೆಯಲಾಗದೆಂದರು. ಹರಿದ ಅಂಚುಗಳನ್ನು ಕೂಡಿಸಲು ಅವರು ಚೀಲದಿಂದ ತೆಗೆದದ್ದು ತೆಳುವಾದ ಜಪಾನೀ ಕಾಗದ ಮತ್ತು ಒಂದು ಬಟ್ಟಲು ಗೋಧಿಪಿಷ್ಟದ ಅಂಟು. ನೀರು ತಾಗಿಸಿದರೆ ಎಂದು ಬೇಕಾದರೂ ಬಿಡಿಸಬಹುದಂತೆ. ಮೈಲುತುತ್ತ ಹಾಕುತ್ತೀರಾ ಎಂದು ಕೇಳಿದೆವು. ಈಗ ಹಾಕುವುದಿಲ್ಲ, ಅದು ಕಾಗದಕ್ಕೂ ಕೈಗೂ ಒಳ್ಳೆಯದಲ್ಲ ಎಂದರು. ಆಮೇಲೆ ಮೆತ್ತನೆಯ ಕುಂಚವೊಂದನ್ನು ತೆಗೆದುಕೊಂಡು, ಮೊದಲು ಹಾಳೆಯ ದೂಳನ್ನು ಒರೆಸತೊಡಗಿದರು.